ಸಹಾಯ ಬೇಕು: ವಾಟರ್ ಇಂಜೆಕ್ಷನ್ ಪಂಪ್ ಕಡಿಮೆ ವೇಗದಲ್ಲಿ ಓಡುತ್ತಿಲ್ಲ

ನಮಸ್ಕಾರ ಎಲ್ಲರಿಗೂ. ಟರ್ಬೊ ಪೆಟ್ರೋಲ್ ಕಾರಿಗೆ ವಾಟರ್ ಇಂಜೆಕ್ಷನ್ (ಇಂಜಿನ್‌ಗೆ ಹೋಗುವ ಗಾಳಿಗೆ ನೀರಿನ ಮಂಜು ಸಿಂಪಡಿಸುವ ವ್ಯವಸ್ಥೆ) ಕೂರಿಸುತ್ತಿದ್ದೇನೆ. 12 ವೋಲ್ಟ್ ಡಯಾಫ್ರಾಮ್ ಪಂಪ್, ಇಂಟರ್‌ಕೂಲರ್ ದಾಟಿದ ಮೇಲೆ ಒಂದು ನಾಜಲ್. ಸುಮ್ನೆ ಆನ್-ಆಫ್ ಮಾಡಿದರೆ ಸಾಲದು, ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಏರಿದ ಹಾಗೆ ನೀರೂ ಜಾಸ್ತಿ ಆಗಬೇಕು.

ಇಂಜಿನ್‌ಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್‌ನ 0-5 ವೋಲ್ಟ್ ಸಿಗ್ನಲ್ ಆರ್ಡುಯಿನೊ ಊನೊ ಕಂಟ್ರೋಲರ್ ಬೋರ್ಡ್‌ಗೆ ಹೋಗುತ್ತದೆ. ಅಲ್ಲಿಂದ 490 ಹರ್ಟ್ಸ್ ಪಿಡಬ್ಲ್ಯೂಎಂ (ವೇಗವಾಗಿ ಆನ್-ಆಫ್ ಆಗುವ ಸಿಗ್ನಲ್), ಲಾಜಿಕ್ ಲೆವೆಲ್ ಮಾಸ್‌ಫೆಟ್ ಮೂಲಕ ಪಂಪ್‌ನ ನೆಗೆಟಿವ್ ವೈರ್‌ಗೆ. ಗೇಟ್‌ನಿಂದ ಗ್ರೌಂಡ್‌ಗೆ 10 ಕಿಲೋಓಮ್ ಇದೆ, ಮೋಟಾರ್‌ಗೆ ಅಡ್ಡಲಾಗಿ ಶಾಟ್ಕಿ ಡಯೋಡ್ ಇದೆ, ಫ್ಯೂಸ್ ಕೂಡ ಇದೆ.

ಡ್ಯೂಟಿ (ಆ ಸಿಗ್ನಲ್ ಆನ್ ಇರುವ ಪಾಲು) ಕಡಿಮೆ ಇದ್ದಾಗ ಮೋಟಾರ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಸ್ವಲ್ಪ ಏರಿಸಿದರೆ ಧಡಕ್ಕನೆ ಶುರುವಾಗುತ್ತದೆ, ಆದರೆ ನಾಜಲ್ ತುದಿಯಲ್ಲಿ ಮಂಜಿನ ಬದಲು ದಪ್ಪ ಹನಿ. ಪೂರ್ತಿ ಕೊಟ್ಟಾಗ ಮಾತ್ರ ಸ್ಪ್ರೇ ಚೆನ್ನಾಗಿದೆ. ನಾಜಲ್‌ನಲ್ಲಿ ನೀರು ಎರಡರಷ್ಟು ಹೋಗಬೇಕಂದ್ರೆ ಒತ್ತಡ ನಾಲ್ಕರಷ್ಟು ಬೇಕು ಅಲ್ವಾ? ಹಾಗಾಗಿ ಬರೀ ಪಂಪ್ ವೇಗ ಬದಲಿಸಿ ಸಿಗುವ ವ್ಯಾಪ್ತಿ ಕಡಿಮೆಯೇ ಅನ್ನಿಸುತ್ತಿದೆ.

ಶುರುವಿನಲ್ಲಿ ಒಂದು ಕ್ಷಣ ಪೂರ್ತಿ ಡ್ಯೂಟಿ ಕೊಟ್ಟು ಆಮೇಲೆ ಇಳಿಸಿದರೆ ಸರಿಹೋಗುತ್ತದಾ? ಅಥವಾ ಪಂಪ್‌ನ ಒತ್ತಡ ಒಂದೇ ಮಟ್ಟದಲ್ಲಿಟ್ಟು, ನಾಜಲ್ ಹತ್ತಿರ ಸೊಲೆನಾಯ್ಡ್ ವಾಲ್ವ್ ಹಾಕಿ ಅದಕ್ಕೇ ಪಿಡಬ್ಲ್ಯೂಎಂ ಕೊಡುವುದು ಒಳ್ಳೆಯದಾ? ನನಗೆ ಎರಡನೆಯದರ ಮೇಲೇ ಒಲವು, ಆದರೆ ಪದೇಪದೇ ತೆರೆದು ಮುಚ್ಚಿದರೂ ಬಾಳಿಕೆ ಬರುವ, ತುಕ್ಕು ಹಿಡಿಯದ ವಾಲ್ವ್ ಬೇಕು. ಬಳಸಿದವರು ಯಾವುದೆಂದು ಹೇಳಿ.

ಇನ್ನೊಂದು, ಟ್ಯಾಂಕ್ ಖಾಲಿಯಾದರೆ ಅಥವಾ ನಾಜಲ್ ಕಟ್ಟಿಕೊಂಡರೆ ಬೂಸ್ಟ್ ತಾನಾಗೇ ಇಳಿಯಬೇಕು, ಇಲ್ಲದಿದ್ದರೆ ನಾಕಿಂಗ್ (ಸಿಲಿಂಡರ್ ಒಳಗೆ ಇಂಧನ ತಾನಾಗೇ ಹೊತ್ತಿ ಬಡಿಯುವುದು) ಶುರುವಾಗಿ ಪಿಸ್ಟನ್‌ಗೇ ಕುತ್ತು. ಇದಕ್ಕೆ ಫ್ಲೋ ಸೆನ್ಸರ್ ಹಾಕಿದವರು ಯಾರಾದರೂ ಇದ್ದರೆ ವೈರಿಂಗ್ ಫೋಟೊ ಹಾಕಿ ಪ್ಲೀಸ್.