ಡಾಕ್ಟ್ರನ್ನ ಕೇಳಿ: ಫುಟ್ಬಾಲ್ ಆಟಗಾರ ‘ನಾನು ಗೇ’ ಅಂತ ಹೇಳ್ಕೊಳ್ಳೋದು (ಪ್ರಶ್ನೋತ್ತರ)

ಅಡ್ಮಿನ್: ಎಲ್ರಿಗೂ ನಮಸ್ಕಾರ. ಹೋದ ವಾರ ಜೇಕ್ ಡೇನಿಯಲ್ಸ್ ಪೋಸ್ಟ್ ಕೆಳಗೆ ನಡೆದ ಜಗಳ ನೋಡಿ ನಮ್ ಗ್ರೂಪಿನ ಡಾಕ್ಟ್ರು ತಾವೇ ಉತ್ತರ ಕೊಡ್ತೀನಿ ಅಂದ್ರು. ಅವ್ರು ಮನೋವೈದ್ಯರು, ಬೆಂಗಳೂರಲ್ಲಿ ಆಟಗಾರರನ್ನೇ ಜಾಸ್ತಿ ನೋಡೋರು. ಗೊತ್ತಿಲ್ದೋರಿಗೆ: 2022ರ ಮೇ 16ಕ್ಕೆ ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್ ಕ್ಲಬ್ಬಿನ ಈ 17 ವರ್ಷದ ಹುಡ್ಗ ನಾನು ಗೇ ಅಂತ ಹೇಳ್ಕೊಂಡ. 1990ರಲ್ಲಿ ಜಸ್ಟಿನ್ ಫಾಶಾನು ಹೇಳಿದ್ ಮೇಲೆ ಬ್ರಿಟನ್ನಿನ ಗಂಡಸರ ಪ್ರೊ ಫುಟ್ಬಾಲ್‌ನಲ್ಲಿ ಆಡ್ತಿರುವಾಗ್ಲೇ ಹೇಳ್ಕೊಂಡೋರಲ್ಲಿ ಇವ್ನೇ ಮೊದಲು. ಪ್ರಶ್ನೆ ಕೇಳಿ, ಮರ್ಯಾದೆ ಇರ್ಲಿ.

ದಾವಣಗೆರೆ ಗನ್ನರ್: ಡಾಕ್ಟ್ರೇ, ಅಷ್ಟು ಜನ ಆಡ್ತಾರೆ, ಅಷ್ಟು ದುಡ್ಡಿದೆ, ಆದ್ರೂ ದೊಡ್ಡ ಲೀಗಲ್ಲಿ ಯಾಕೆ ಬಾಯಿ ಬಿಡಲ್ಲ?

ಡಾಕ್ಟ್ರು: ದುಡ್ಡಿರೋದ್ರಿಂದ್ಲೇ. ಆಟಗಾರನ ದುಡಿಮೆ ಇರೋದು ಹತ್ತು ಹದಿನೈದು ವರ್ಷ, ಒಂದು ಕಾಂಟ್ರಾಕ್ಟ್ ಮುಗಿಯೋಷ್ಟ್ರಲ್ಲಿ ಇನ್ನೊಂದು ಹುಡುಕ್ಬೇಕು, ನಾಳೆ ಸೌದಿಯಿಂದ ಆಫರ್ ಬಂದ್ರೆ ಅಲ್ಲಿ ಇದು ಅಪರಾಧ. ಥಾಮಸ್ ಹಿಟ್ಜಲ್ಸ್‌ಪರ್ಗರ್ ಜರ್ಮನಿಗೆ 52 ಮ್ಯಾಚ್ ಆಡಿದೋರು, ಆಸ್ಟನ್ ವಿಲ್ಲಾ, ವೆಸ್ಟ್ ಹ್ಯಾಮ್, ಎವರ್ಟನ್ ಎಲ್ಲ ಕಡೆ ಇದ್ರು, ಹೇಳಿದ್ದು 2014ರ ಜನವರಿಲಿ, ಆಟ ಬಿಟ್ಟ ಮೇಲೆ. ಅಮೆರಿಕದ ಆಟಗಾರ ರಾಬಿ ರಾಜರ್ಸ್ 2013ರಲ್ಲಿ ಹೇಳಿದ ದಿನವೇ ಆಟನೂ ಬಿಡ್ತೀನಿ ಅಂದ್ರು, ಆಗ 25 ವರ್ಷ ಅಷ್ಟೇ. ಮೂರು ತಿಂಗಳಲ್ಲಿ ಅಲ್ಲಿನ ಎಲ್ಎ ಗ್ಯಾಲಕ್ಸಿ ಕ್ಲಬ್ಬಿಗೆ ವಾಪಸ್ ಬಂದು ಮುಂದಿನ ವರ್ಷ ಕಪ್ಪೂ ಗೆದ್ರು ಅನ್ನೋದು ಬೇರೆ ಮಾತು, ಆದ್ರೆ ಎರಡೂ ಒಟ್ಟಿಗೆ ಆಗಲ್ಲ ಅಂತ ಆ ವಯಸ್ಸಿನ ಹುಡುಗನಿಗೆ ಅನ್ನಿಸ್ತಲ್ಲ, ಅದೇ ನಿಮ್ಮ ಪ್ರಶ್ನೆಗೆ ಉತ್ತರ.

ಹಾಸನದ ಹತ್ತನೇ ನಂಬರ್: ಮೇಡಂ ಈಗ ಆಡ್ತಿರೋರಲ್ಲಿ ಯಾರ್ಯಾರು ಅಂತ ನಿಮ್ ಸರ್ಕಲಲ್ಲಿ ಗೊತ್ತಿರತ್ತೆ, ಒಂದೆರಡು ಹೆಸ್ರು?

ಡಾಕ್ಟ್ರು: ಇಲ್ಲ.

ರಾಯಚೂರು ರೈಟ್‌ಬ್ಯಾಕ್: ಇದು ಹುಟ್ಟಿಂದ ಬರೋ ಕಾಯಿಲೆನಾ, ಸಹವಾಸದಿಂದನಾ?

ಡಾಕ್ಟ್ರು: ಕಾಯಿಲೆನೇ ಅಲ್ಲ. 1990ರ ಮೇ 17ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆ ಪಟ್ಟಿಯಿಂದ ತೆಗ್ದಿದೆ. ಸಹವಾಸದಿಂದ ಬರೋದೂ ಅಲ್ಲ.

ಒಬ್ಬ ತಾಯಿ, ಮೈಸೂರು: ನನ್ ಮಗಳು ಹುಡುಗೀರ ಟೀಮಲ್ಲಿ ಆಡ್ತಾಳೆ. ಹೆಂಗಸರ ಫುಟ್ಬಾಲ್‌ನಲ್ಲಿ ಅಮೆರಿಕದ ಮೇಗನ್ ರಪಿನೊ ಥರದೋರು ಎಷ್ಟೋ ಜನ ಆರಾಮಾಗಿ ಹೇಳ್ಕೋತಾರೆ, ಗಂಡಸರಲ್ಲಿ ಮಾತ್ರ ಯಾಕಿಷ್ಟು ಕಷ್ಟ?

ಸಿರ್ಸಿ ಸ್ಟ್ರೈಕರ್: ಫಾರ್ವರ್ಡ್ ಬಂದಿದ್ದು ಹಾಕ್ತಿದೀನಿ, ಎಲ್ರಿಗೂ ಉಪಯೋಗ ಆಗತ್ತೆ. “ಗಂಡಸುತನ ಕಡಿಮೆ ಇರೋ ಹುಡುಗರಿಗೆ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಿಂಗಳಿಗೆ ಎರಡು, ಜೊತೆಗೆ ಶಿಲಾಜಿತ್, ಅಶ್ವಗಂಧ, ಸುವರ್ಣ ಭಸ್ಮ 48 ದಿನ, ಮನಸ್ಸು ತಾನಾಗೇ ಸರಿದಾರಿಗೆ ಬರತ್ತೆ.”

ಡಾಕ್ಟ್ರು: ಇದನ್ನ ದಯವಿಟ್ಟು ಯಾರೂ ಮುಂದಕ್ಕೆ ಕಳಿಸ್ಬೇಡಿ. ಗೇ ಗಂಡಸರಿಗೆ ಟೆಸ್ಟೋಸ್ಟೆರಾನ್ ಕಮ್ಮಿ ಇರತ್ತೆ ಅನ್ನೋದೇ ಸುಳ್ಳು. ಹೊರಗಿಂದ ಚುಚ್ಚಿದ್ರೆ ಆಸೆ ಹೆಚ್ಬಹುದು, ಆಸೆ ಯಾರ ಕಡೆ ಅನ್ನೋದು ಬದಲಾಗಲ್ಲ. ಮೈಯಲ್ಲಿ ತಾನಾಗಿ ತಯಾರಾಗೋದು ನಿಲ್ಲತ್ತೆ, ವೃಷಣ ಸಣ್ಣದಾಗತ್ತೆ, ವೀರ್ಯಾಣು ಕಮ್ಮಿ ಆಗತ್ತೆ, ರಕ್ತ ದಪ್ಪ ಆಗತ್ತೆ. ಆಟ ಆಡೋ ಹುಡುಗನಿಗೆ ಇನ್ನೊಂದು: ಅದು ಡೋಪಿಂಗ್. ಮ್ಯಾಚ್ ಇದ್ರೂ ಇಲ್ದಿದ್ರೂ ನಿಷೇಧ, ಸಿಕ್ಕಿಬಿದ್ರೆ ನಾಲ್ಕು ವರ್ಷದವರೆಗೂ ಹೊರಗೆ, ಅಪ್ಪ ಹಾಕ್ಸಿದ್ರು ಅಂದ್ರೆ ಯಾರೂ ಬಿಡಲ್ಲ. ಎಲ್ಲಿಂದ ಬಂತೋ ಗೊತ್ತಿಲ್ದಿರೋ ಭಸ್ಮದಲ್ಲಿ ಸೀಸ, ಪಾದರಸ ಇದ್ದು ಕಿಡ್ನಿ ಹಾಳಾಗಿರೋ ಕೇಸ್‌ಗಳಿವೆ. ‘ಸರಿದಾರಿಗೆ ತರ್ತೀನಿ’ ಅಂತ ಚಿಕಿತ್ಸೆ ಕೊಡೋ ಡಾಕ್ಟ್ರದ್ದು ವೃತ್ತಿ ದುರ್ನಡತೆ ಅಂತ ನ್ಯಾಷನಲ್ ಮೆಡಿಕಲ್ ಕಮಿಷನ್ 2022ರಲ್ಲೇ ಹೇಳಿದೆ.

ಸಿರ್ಸಿ ಸ್ಟ್ರೈಕರ್: ನಾನ್ ಬರ್ದಿದ್ದಲ್ಲ ಮೇಡಂ, ಬಂದಿದ್ದು ಹಾಕ್ದೆ ಅಷ್ಟೇ.

ಡಾಕ್ಟ್ರು: ಹಾಕಿದ್ದು ನೀವೇ. ಡಿಲೀಟ್ ಮಾಡಿ.

ಹೆಸರು ಬೇಡ: ಡಾಕ್ಟ್ರೇ, ಹೇಗೆ ಕೇಳ್ಬೇಕೋ ಗೊತ್ತಾಗ್ತಿಲ್ಲ. ನಾವು ಇಂಗ್ಲೆಂಡಲ್ಲಿದೀವಿ, (ಊರಿನ ಹೆಸರು ಅಡ್ಮಿನ್ ತೆಗೆದಿದ್ದಾರೆ). ಮಗನಿಗೆ 17, ಕ್ಲಬ್ ಅಕಾಡೆಮಿಲಿ ಸ್ಕಾಲರ್ (ಟ್ರೇನಿ ಆಟಗಾರ), ಪ್ರೊ ಕಾಂಟ್ರಾಕ್ಟ್ ಸಿಗತ್ತಾ ಇಲ್ವಾ ಅಂತ ಈ ವರ್ಷವೇ ಗೊತ್ತಾಗೋದು. ಎರಡು ತಿಂಗಳ ಹಿಂದೆ ಕಾರಲ್ಲಿ ಬರುವಾಗ ಅಪ್ಪ ನಾನು ಗೇ ಅಂದ. ನಾನು ಏನೂ ಮಾತಾಡ್ಲಿಲ್ಲ, ರೇಡಿಯೋ ಜೋರು ಮಾಡ್ದೆ. ಅವತ್ತಿಂದ ಸರಿಯಾಗಿ ನಿದ್ದೆ ಮಾಡ್ತಿಲ್ಲ, ಟ್ರೇನಿಂಗ್ ಆದ್ಮೇಲೆ ಎಲ್ರೂ ಸ್ನಾನ ಮುಗಿಸಿ ಹೋಗೋವರೆಗೂ ಹೊರಗೆ ಬೂಟು ತೊಳೀತಾ ಕೂತಿರ್ತಾನಂತೆ. ಹೋದ ತಿಂಗಳು ತಗೊಂಡ ಹೊಸ ಬೂಟನ್ನೂ ಮೊನ್ನೆ ಕಸಿನ್‌ಗೆ ಕೊಟ್ಬಿಟ್ಟಿದಾನೆ, ಅಷ್ಟು ದುಡ್ಡು ಕೊಟ್ಟಿದ್ದು. ಅವನಮ್ಮ ಊರಿಂದ ಯಾವುದೋ ಔಷಧಿ ತರ್ಸೋಣ ಅಂತಿದಾಳೆ. ಜೇಕ್ ಡೇನಿಯಲ್ಸ್ ಥರ ಧೈರ್ಯವಾಗಿ ಹೇಳ್ಬಿಡು, ಹಗುರ ಆಗ್ತೀಯ ಅಂತ ನಾನು ಹೇಳ್ಲಾ? ಅಥವಾ ಕಾಂಟ್ರಾಕ್ಟ್ ಆಗೋವರೆಗೂ ಸುಮ್ನಿರು ಅನ್ಲಾ?

ಡಾಕ್ಟ್ರು: ಸರ್, ಬಾಕಿ ಎಲ್ಲ ಆಮೇಲೆ, ಮೊದ್ಲು ಬೂಟಿನ ವಿಷ್ಯ. ನೀವು ದುಡ್ಡಿನ ಲೆಕ್ಕದಲ್ಲಿ ಬರ್ದಿದೀರ, ನಂಗೆ ಅದನ್ನ ಓದಿ ಭಯ ಆಯ್ತು. ನಿದ್ದೆ ಇಲ್ದಿರೋ, ಒಂಟಿಯಾಗ್ತಿರೋ ಹುಡ್ಗ ತನಗೆ ತುಂಬ ಬೇಕಾದ ವಸ್ತುನ ಕೊಡೋಕೆ ಶುರು ಮಾಡಿದ್ರೆ ನಾವು ಅದನ್ನ ಸುಮ್ನೆ ಬಿಡಲ್ಲ. ಸೈಜ್ ಆಗದೇ ಕೊಟ್ಟಿರಬಹುದು, ಹಾಗೇ ಇರ್ಲಿ ಅಂತ ಆಸೆ, ಆದ್ರೆ ಊಹೆ ಮಾಡ್ತಾ ಕೂರ್ಬೇಡಿ, ಇವತ್ತು ರಾತ್ರಿನೇ ಕೇಳಿ. ಸುತ್ತಿ ಬಳಸಿ ಅಲ್ಲ. “ಸಾಯ್ಬೇಕು ಅಂತ ಅನ್ನಿಸ್ತಿದೆಯಾ ಕಂದ” ಅಂತ ನೇರವಾಗಿ ಕೇಳಿ. ಕೇಳಿದ್ರೆ ಇಲ್ದಿರೋ ಯೋಚನೆ ತಲೆಗೆ ತುಂಬಿದ ಹಾಗಾಗತ್ತೆ ಅಂತ ಎಲ್ರೂ ಹೆದರ್ತಾರೆ, ಹಾಗಾಗಲ್ಲ, ಕೇಳಿದ್ರೆ ಮಕ್ಕಳಿಗೆ ಉಸಿರು ಬಿಟ್ಟ ಹಾಗಾಗತ್ತೆ. ಹೌದು ಅಂದ್ರೆ ಒಬ್ಬನ್ನೇ ಬಿಡ್ಬೇಡಿ, ಮನೇಲಿರೋ ಮಾತ್ರೆ ಎಲ್ಲ ನಿಮ್ಮ ಕೈಲಿಟ್ಕೊಳ್ಳಿ, 111ಕ್ಕೆ ಫೋನ್ ಮಾಡಿ 2 ಒತ್ತಿ, ಅಲ್ಲಿ ಮಾನಸಿಕ ಆರೋಗ್ಯದೋರು ಸಿಗ್ತಾರೆ, ಈಗ್ಲೇ ಅಪಾಯ ಅನ್ಸಿದ್ರೆ 999. ಅವನಿಗೆ ನಿಮ್ಮ ಹತ್ರ ಮಾತಾಡೋಕಾಗದಿದ್ರೆ 116 123, ಸಮಾರಿಟನ್ಸ್ ಸಹಾಯವಾಣಿ, ಹಗಲು ರಾತ್ರಿ ಎತ್ತ್ಕೋತಾರೆ.

ಇನ್ನು ರೇಡಿಯೋ. ಅವನು ಕಾರಲ್ಲಿ ಹೇಳಿದ್ದು ಯಾಕೆ ಅಂದ್ರೆ ಕಾರಲ್ಲಿ ಮುಖ ನೋಡ್ಬೇಕಾಗಿಲ್ಲ. ಎಷ್ಟು ದಿನ ಕಾದಿದ್ನೋ. ಸಿಕ್ಕಿದ ಉತ್ತರ ರೇಡಿಯೋ. ನಿಮ್ಮನ್ನ ನೋಯ್ಸೋಕೆ ಹೇಳ್ತಿಲ್ಲ, ಎಷ್ಟೋ ಅಪ್ಪಂದಿರು ಇದಕ್ಕಿಂತ ಕೆಟ್ಟದಾಗಿ ಮಾಡಿರೋದನ್ನ ನೋಡಿದೀನಿ, ಮತ್ತೆ ಇದನ್ನ ಸರಿ ಮಾಡ್ಕೋಬಹುದು. ಅವತ್ತು ನಂಗೆ ಮಾತು ಹೊರಡ್ಲಿಲ್ಲ, ತಪ್ಪಾಯ್ತು, ನೀನು ನನ್ ಮಗ ಅಂತ ಹೇಳೋಕೆ ಎರಡು ನಿಮಿಷ ಸಾಕು.

ಜೇಕ್ ಥರ ಹೇಳ್ಬಿಡು ಅನ್ಬೇಡಿ, ಸುಮ್ನಿರು ಅಂತನೂ ಅನ್ಬೇಡಿ, ಎರಡೂ ನಿಮ್ಮ ತೀರ್ಮಾನ ಅಲ್ಲ. ಜೇಕ್ ಹೇಳಿದ ಕ್ರಮ ನೋಡಿ. ಮೊದ್ಲು ಅಮ್ಮ, ಅಕ್ಕತಂಗಿ. ಅವ್ರಿಗೆ ಹೇಳಿದ ಮಾರನೇ ದಿನ ಆಕ್ರಿಂಗ್ಟನ್ ಟೀಮ್ ಮೇಲೆ ನಾಲ್ಕು ಗೋಲ್ ಹೊಡ್ದೆ ಅಂತ ಅವನೇ ಹೇಳಿದಾನೆ. ಆಮೇಲೆ ಕ್ಲಬ್ಬು, ಟೀಮಿನ ಹುಡುಗ್ರು, ಟಿವಿ ಕೊನೇಗೆ. ಟಿವಿ ಮುಂದೆ ಬಂದಾಗ ಅವನ ಹಿಂದೆ ಮನೆ ನಿಂತಿತ್ತು. ಫಾಶಾನುಗೆ ಉಲ್ಟಾ ಆಯ್ತು. 1981ರಲ್ಲಿ ಹತ್ತು ಲಕ್ಷ ಪೌಂಡಿಗೆ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಹೋದ ಹುಡ್ಗ, ಬ್ರಿಟನ್ನಲ್ಲಿ ಆ ಬೆಲೆ ಪಡೆದ ಮೊದಲ ಕಪ್ಪು ಆಟಗಾರ. ಗೇ ಕ್ಲಬ್ಬಿಗೆ ಹೋಗ್ತಾನೆ ಅಂತ ಗೊತ್ತಾದಾಗ ಮ್ಯಾನೇಜರ್ ಬ್ರಯಾನ್ ಕ್ಲಫ್ ಟೀಮ್ ಜೊತೆ ಪ್ರಾಕ್ಟೀಸಿಗೇ ಸೇರ್ಸ್ಲಿಲ್ಲ. 1990ರ ಅಕ್ಟೋಬರಲ್ಲಿ ಅವನ ಬದುಕು ‘ದ ಸನ್’ ಮುಖಪುಟಕ್ಕೆ ಬಂದಾಗ ಸ್ವಂತ ತಮ್ಮ, ಅವನೂ ದೊಡ್ಡ ಆಟಗಾರ, ಪೇಪರಲ್ಲೇ ಅಣ್ಣನ್ನ ದೂರ ಮಾಡ್ದ. 1998ರಲ್ಲಿ 37ಕ್ಕೇ ಹೋಗ್ಬಿಟ್ಟ. ಇಬ್ರ ಮಧ್ಯೆ ಧೈರ್ಯದಲ್ಲಿ ವ್ಯತ್ಯಾಸ ಇಲ್ಲ ಸರ್, ವ್ಯತ್ಯಾಸ ಮನೇಲಿ.

ಕ್ಲಬ್ಬಲ್ಲಿ ಸೇಫ್‌ಗಾರ್ಡಿಂಗ್ ಅಂತ, ಮಕ್ಕಳ ಸುರಕ್ಷತೆ ನೋಡ್ಕೊಳ್ಳೋಕೆ ಒಬ್ರು ಇರ್ತಾರೆ, ಎಲ್ಲ ಅಕಾಡೆಮಿಲೂ ಇರ್ಲೇಬೇಕು. ಆದ್ರೆ ನೀವು ಹೋಗಿ ಹೇಳ್ಬೇಡಿ, ಅವ್ನು ಒಪ್ಪಿದ್ರೆ ಅವ್ನ ಜೊತೆ ಹೋಗಿ. ಗೇ ಅನ್ನೋ ಕಾರಣಕ್ಕೆ ಕೆಲ್ಸ ತಪ್ಸೋದು ಅಲ್ಲಿ 2010ರ ಈಕ್ವಾಲಿಟಿ ಆಕ್ಟ್ ಪ್ರಕಾರ ಅಪರಾಧ... ಅಪರಾಧ ಅಂದ್ರೆ ಜೈಲಲ್ಲ, ಕಾನೂನುಬಾಹಿರ, ಕೇಸ್ ಹಾಕ್ಬಹುದು. ಊರಿಂದ ಔಷಧಿ ಬೇಡ್ವೇ ಬೇಡ, ಮೇಲೆ ಬರ್ದಿದೀನಲ್ಲ, ಅವನಮ್ಮನಿಗೆ ಓದಿ ಹೇಳಿ. ಕೊನೇದಾಗಿ, ನಿಮ್ಮ ಪೋಸ್ಟಲ್ಲಿ ಊರಿತ್ತು, ವಯಸ್ಸಿದೆ, ಅಕಾಡೆಮಿ ಇದೆ. ಅಲ್ಲಿ ಆಡೋ ಕನ್ನಡದ ಹುಡುಗ್ರು ಎಷ್ಟು ಜನ ಇರ್ತಾರೆ? ನಾಳೆ ಬೆಳಿಗ್ಗೆ ಈ ಪೋಸ್ಟ್ ಇರಬಾರ್ದು. ರಾತ್ರಿ ಮಾತಾಡಿದ್ಮೇಲೆ ನಂಗೆ ಮೆಸೇಜ್ ಮಾಡಿ, ಎಷ್ಟೊತ್ತಾದ್ರೂ.

ಕೋಲಾರ ಕಾಪ್: ಫಾಶಾನು ಹೇಗೆ ಸತ್ತಿದ್ದು?

ಡಾಕ್ಟ್ರು: ‘ಹೇಗೆ’ ಅನ್ನೋದು ಇಲ್ಲಿ ಬೇಡ. ಮನಸ್ಸು ಸರಿ ಇಲ್ದೋರು ಓದ್ತಿರ್ತಾರೆ. ನಮ್ಮಲ್ಲಿ ಯಾರಿಗಾದ್ರೂ ಬೇಕಿದ್ರೆ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡ್ತಾರೆ.

ಬಳ್ಳಾರಿ ಬ್ಲೂ: ಕಾಪ್ ಅವ್ರೇ, ನಿಮ್ ಲಿವರ್‌ಪೂಲ್ ಫ್ಯಾನ್ಸ್ ನಮ್ ಚೆಲ್ಸೀ ಮೇಲೆ ಹಾಡೋ, ಗೇಗಳನ್ನ ಹೀಯಾಳಿಸೋ ‘ರೆಂಟ್ ಬಾಯ್’ ಹಾಡಿನ ಬಗ್ಗೆ ಏನಂತೀರ, ಇಲ್ಲಿ ಮಾತ್ರ ಸಹಾನುಭೂತಿ.

ಕೋಲಾರ ಕಾಪ್: ಅದು ತಮಾಷೆ ಗುರು, ಸ್ಟೇಡಿಯಂ ಅಂದ್ಮೇಲೆ ಇರತ್ತೆ.

ಬಳ್ಳಾರಿ ಬ್ಲೂ: ತಮಾಷೆನಾ? 2022ರಲ್ಲಿ ಅಲ್ಲಿನ ಪ್ರಾಸಿಕ್ಯೂಷನ್‌ನೋರೇ ಅದು ದ್ವೇಷದ ಅಪರಾಧ ಅಂದ್ರು. ನಿಮ್ ಕ್ಯಾಪ್ಟನ್ ಹೆಂಡರ್ಸನ್ ಗೇಗಳ ಪರ ಅಂತ ಬೂಟಿಗೆ ಕಾಮನಬಿಲ್ಲಿನ ಲೇಸ್ ಕಟ್ಕೊಂಡು ಭಾಷಣ ಮಾಡಿ 2023ರಲ್ಲಿ ಸೌದಿಗೆ ಓಡ್ದ, ಅಲ್ಲಿನ ವಿಡಿಯೋಲಿ ಅವನ ತೋಳುಪಟ್ಟಿ ಬಣ್ಣನೇ ಹೋಗಿತ್ತು.

ಕೋಲಾರ ಕಾಪ್: ದುಡ್ಡಿಗೆ ಯಾರ್ ಹೋಗಲ್ಲ? ಕತಾರ್ ವರ್ಲ್ಡ್ ಕಪ್‌ನಲ್ಲಿ ಹಳದಿ ಕಾರ್ಡ್ ಕೊಡ್ತೀವಿ ಅಂದಿದ್ದಕ್ಕೆ ಏಳು ದೇಶದ ಕ್ಯಾಪ್ಟನ್‌ಗಳು ಗೇಗಳಿಗೆ ಬೆಂಬಲದ ‘ಒನ್‌ಲವ್’ ತೋಳುಪಟ್ಟಿ ಬಿಚ್ಚಿಟ್ರಲ್ಲ, ಅವ್ರನ್ನೂ ಕೇಳು.

ದಾವಣಗೆರೆ ಗನ್ನರ್: ಸ್ಪೇನಿನ ಗೋಲ್‌ಕೀಪರ್ ಆಗಿದ್ದ ಕಸಿಯಾಸ್ ನೆನಪಿಲ್ವಾ, 2022ರಲ್ಲಿ ‘ನಾನು ಗೇ’ ಅಂತ ಟ್ವೀಟ್ ಮಾಡಿ ಆಮೇಲೆ ಅಳಿಸಿ ಹ್ಯಾಕ್ ಆಗಿತ್ತು ಅಂದ. ಅಡಿಲೇಡಲ್ಲಿ ಹಿಂದಿನ ವರ್ಷ ಹೇಳ್ಕೊಂಡಿದ್ದ ಆಟಗಾರ ಜಾಶ್ ಕವಾಲೊಗೆ ಅದು ಎಷ್ಟು ನೋವಾಯ್ತು.

ಸಿರ್ಸಿ ಸ್ಟ್ರೈಕರ್: ಎಲ್ಲ ಸರಿ, ಆದ್ರೆ ಇದಕ್ಕೆ ಏನಾದ್ರೂ ಚಿಕಿತ್ಸೆ ಇರ್ಲೇಬೇಕಲ್ವಾ?

ಡಾಕ್ಟ್ರು: ಮೇಲೆ ಓದಿ.

ರಾಯಚೂರು ರೈಟ್‌ಬ್ಯಾಕ್: ಯೋಗದಿಂದ?

ಡಾಕ್ಟ್ರು: ಮೇಲೆ ಓದಿ ಅಂದೆ.

ಒಬ್ಬ ತಾಯಿ, ಮೈಸೂರು: ನನ್ ಪ್ರಶ್ನೆ ಹಾಗೇ ಉಳೀತು...

ಬಳ್ಳಾರಿ ಬ್ಲೂ: ಕಾಪ್, ನೀನು ಆ ಹಾಡು ನಿನ್ ತಮ್ಮನ ಮುಂದೆ ಹಾಡ್ತೀಯಾ?

ಕೋಲಾರ ಕಾಪ್: ಮನೆಯೋರ ವಿಷ್ಯಕ್ಕೆ ಬರ್ಬೇಡ.

ಲಂಡನ್ ಲಿಂಗಸೂಗೂರು: ಅಯ್ಯೋ, ಆ ‘ಹೆಸರು ಬೇಡ’ ಯಾರು ಅಂತ ನಂಗೆ ಗೊತ್ತಾಯ್ತು ಅನ್ಸತ್ತೆ. ನಮ್ ಕಡೆ ಯುಗಾದಿ ಕಾರ್ಯಕ್ರಮಕ್ಕೆ ಬರ್ತಾರೆ, ಹುಡ್ಗ ಎಡಗಾಲಲ್ಲಿ ಆಡ್ತಾನೆ ಅಲ್ವಾ? ಪಾಪ.

ಡಾಕ್ಟ್ರು: ಅದನ್ನ ಈ ನಿಮಿಷ ಅಳ್ಸಿ. ಪಾಪ ಅಂದಿದ್ದೂ ಬೇಡ, ಎಡಗಾಲೂ ಬೇಡ. ಆ ಹುಡ್ಗ ತನ್ನ ಜೀವನದಲ್ಲಿ ಇದನ್ನ ಒಬ್ರಿಗೆ ಹೇಳಿದಾನೆ, ಒಬ್ರಿಗೆ. ಎರಡನೇಯೋರು ಯಾರು ಅಂತ ಅವ್ನು ಆರಿಸ್ಬೇಕು. ನೀವು ಅವನ ಕೈಯಿಂದ ಕಿತ್ಕೊಂಡು ಯುಗಾದಿ ಊಟಕ್ಕೆ ಬಡಿಸ್ತಿದೀರ. ನಾನು ನೋಡಿರೋ ಹುಡುಗ್ರಲ್ಲಿ ಕುಸಿದು ಬಿದ್ದೋರು ಜಾಸ್ತಿ ಜನ ತಾವಾಗಿ ಹೇಳ್ಕೊಂಡೋರಲ್ಲ, ಬೇರೆಯೋರು ಹೇಳಿಬಿಟ್ಟೋರು. ಅಡ್ಮಿನ್, ದಯವಿಟ್ಟು.

ಲಂಡನ್ ಲಿಂಗಸೂಗೂರು: ನಾನ್ ಒಳ್ಳೇ ಮನಸ್ಸಿಂದ ಹೇಳಿದ್ದು, ಇಷ್ಟು ಕೂಗಾಡೋ ಅಗತ್ಯ ಇರ್ಲಿಲ್ಲ. ಡಾಕ್ಟ್ರಾದ್ರೆ ತಾಳ್ಮೆ ಇರ್ಬೇಕು.

ಡಾಕ್ಟ್ರು: ಇನ್ನೂ ಅಳ್ಸಿಲ್ಲ ನೀವು.

ಅಡ್ಮಿನ್: ತೆಗೀತಿದೀನಿ ಮೇಡಂ. ಆ ಪೋಸ್ಟ್, ನಿಮ್ಮ ಉತ್ತರ, ಈ ಕಾಮೆಂಟು ಇನ್ನರ್ಧ ಗಂಟೇಲಿ ಎಲ್ಲ ಹೋಗತ್ತೆ. ಸ್ಕ್ರೀನ್‌ಶಾಟ್ ತೆಗ್ದಿರೋರು ಅಳ್ಸಿ, ಕೈಮುಗಿದು ಕೇಳ್ತೀನಿ. ಕಾಮೆಂಟ್ ಆಫ್ ಮಾಡ್ತಿದೀನಿ.

ಹೆಸರು ಬೇಡ: ಒಂದ್ ನಿಮಿಷ ಅಡ್ಮಿನ್. ಡಾಕ್ಟ್ರೇ, ಕೇಳ್ದೆ. ಹೌದು ಅಂದ. ಪಕ್ಕದಲ್ಲೇ ಕೂತಿದಾನೆ, ಅವನಮ್ಮ 111ರೋರ ಹತ್ರ ಮಾತಾಡ್ತಿದಾಳೆ.

ಡಾಕ್ಟ್ರು: ಫೋನ್ ಕೆಳಗಿಡಿ ಸರ್, ಅವನ ಜೊತೆ ಇರಿ. ನಿಮ್ಮ ಇನ್‌ಬಾಕ್ಸಿಗೆ ನನ್ ನಂಬರ್ ಹಾಕಿದೀನಿ.