ಸೇಂಟ್ ಪ್ಯಾಟ್ರಿಕ್ಸ್ ಕಥೀಡ್ರಲ್: ಸಾಹುಕಾರರ ಚರ್ಚೋ, ಕೂಲಿಯವರ ಚರ್ಚೋ?

ಊರುಗೋಲು:
ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿರುವ ಸೇಂಟ್ ಪ್ಯಾಟ್ರಿಕ್ಸ್ ಕಥೀಡ್ರಲ್ (ಬಿಷಪ್ ಪೀಠವಿರುವ ಮುಖ್ಯ ಚರ್ಚ್) ವಿಷಯ ಬಂದಾಗೆಲ್ಲ ಒಂದೇ ಕಥೆ ಕೇಳುತ್ತೇವೆ. ಐರ್ಲೆಂಡಿನಿಂದ ಬಂದ ಮನೆಗೆಲಸದ ಹೆಣ್ಣುಮಕ್ಕಳು ಬಿಡಿಗಾಸು ಕೂಡಿಸಿ ಕಟ್ಟಿದ ಚರ್ಚ್ ಅಂತ. ಕೇಳಲು ಚೆನ್ನಾಗಿದೆ. ಆದರೆ ಮೊದಲ ಹಣ ಬಂದಿದ್ದು ಶ್ರೀಮಂತರಿಂದ. 1858ರಲ್ಲಿ ಆರ್ಚ್‌ಬಿಷಪ್ ಜಾನ್ ಹ್ಯೂಸ್ ಅನುಕೂಲಸ್ಥರ ಹತ್ತಿರ ತಲಾ 1,000 ಡಾಲರ್ ಕೇಳಿದರು. 103 ಜನ ಒಪ್ಪಿದರು. ಅದೇ ವರ್ಷ ಆಗಸ್ಟ್ 15ರಂದು ಅಡಿಗಲ್ಲು ಬಿತ್ತು. ಕೊಟ್ಟವರ ಹೆಸರನ್ನು ಬರೆದು ಅಡಿಗಲ್ಲಿನೊಳಗೆ ಇಟ್ಟರು. ಹೀಗಿರುವಾಗ ಇದು ಸಾಹುಕಾರರ ಚರ್ಚ್ ಅಲ್ವಾ? ಬಡವರ ಹೆಸರು ಯಾಕೆ ಮುಂದೆ ಬರುತ್ತದೆ?

ಲೆಕ್ಕದ ಪುಸ್ತಕ:
ಗುಣಿಸಿ ನೋಡಿ ಸರ್. ಒಟ್ಟು 1,03,000 ಡಾಲರ್. 1879ರ ಮೇ 25ರಂದು ಬಾಗಿಲು ತೆರೆಯುವ ಹೊತ್ತಿಗೆ ಆಗಿದ್ದ ಖರ್ಚು ಸುಮಾರು 19 ಲಕ್ಷ ಡಾಲರ್. ಇಪ್ಪತ್ತರಲ್ಲಿ ಒಂದು ಪಾಲಿಗಿಂತ ಒಂಚೂರು ಜಾಸ್ತಿ, ಅಷ್ಟೇ. ಉಳಿದ ಹತ್ತೊಂಬತ್ತು ಪಾಲು ಯಾರದ್ದು?

ಊರುಗೋಲು:
ಮೊದಲ ಪಾಲು ಇಲ್ಲದಿದ್ದರೆ ಉಳಿದದ್ದು ಬರುತ್ತಲೇ ಇರಲಿಲ್ಲ. ಖಾಲಿ ಜಾಗ ತೋರಿಸಿದರೆ ಕೂಲಿಯವನು ಯಾಕೆ ಕಾಸು ಬಿಚ್ಚುತ್ತಾನೆ? ಒಂದೆರಡು ಗೋಡೆ ಎದ್ದಿರಬೇಕು.

ಮರಿಯಾ:
ಎದ್ದ ಗೋಡೆ ಎಷ್ಟು ಅಂತ ಗೊತ್ತಾ? 1860ರಲ್ಲೇ ಹಣ ಮುಗಿದು ಕೆಲಸ ನಿಂತಿತು. ಆಮೇಲೆ ಅಮೆರಿಕದ ಅಂತರ್ಯುದ್ಧ. 1864ರ ಜನವರಿಯಲ್ಲಿ ಹ್ಯೂಸ್ ತೀರಿಕೊಂಡರು. ಅವರು ನೋಡಿದ್ದು ಅರೆಬರೆ ಗೋಡೆ ಮಾತ್ರ. ಆಗ ಆ ಜಾಗ ಊರಾಚೆ ಇತ್ತು. ಜನ ಇದನ್ನು ಹ್ಯೂಸ್ ಅವರ ಹುಚ್ಚು ಅಂತಲೇ ಆಡಿಕೊಂಡರು. 103 ಜನರ ಕಥೆ ಶುರುವಾಗಿದ್ದು 1858ರಲ್ಲಿ, ಮುಗಿದದ್ದು 1860ರಲ್ಲಿ. ಚರ್ಚಿನ ಕಥೆ ಅಲ್ಲಿಂದ ಮುಂದೆ ಹೋಯಿತು. 1865ರಲ್ಲಿ ಮುಂದಿನ ಆರ್ಚ್‌ಬಿಷಪ್ ಮೆಕ್‌ಲೋಸ್ಕಿ ಕೆಲಸ ಮತ್ತೆ ಶುರು ಮಾಡಿಸಿದರು. ಅವರು ಒಂದೊಂದು ಪ್ಯಾರಿಷ್‌ಗೂ, ಅಂದರೆ ಒಂದೊಂದು ಬಡಾವಣೆಯ ಚರ್ಚಿನ ಸಮುದಾಯಕ್ಕೂ, ಇಂತಿಷ್ಟು ಅಂತ ಪಾಲು ಹಾಕಿದರು. ಪ್ಯಾರಿಷ್ ಅಂದರೆ ಯಾರು? ಹಡಗುಕಟ್ಟೆಯ ಹಮಾಲಿಗಳು, ಗಾರೆ ಕೆಲಸದವರು, ಅಡುಗೆಯವರು.

ಸುಮ್ನೆ ಓದುಗ:
ನಗರಸಭೆ ಆ ಜಾಗವನ್ನು ಪುಕ್ಕಟೆ ಕೊಟ್ಟಿತ್ತು ಅಂತ ಎಲ್ಲೋ ಓದಿದ್ದೆ. ಹಾಗಾದರೆ ಎಲ್ಲರ ತೆರಿಗೆ ದುಡ್ಡೂ ಅದರಲ್ಲಿ ಸೇರಿದೆ ಅಲ್ವಾ?

ಮರಿಯಾ:
ಅದು ಹಳೇ ಗಾಳಿಮಾತು. ಆ ಜಾಗವನ್ನು 1810ರಲ್ಲಿ ಜೆಸ್ವಿಟ್ (ಕ್ಯಾಥೊಲಿಕ್ ಪಾದ್ರಿಗಳ ಒಂದು ಸಂಘ) ಶಾಲೆಗಾಗಿ ದುಡ್ಡು ಕೊಟ್ಟು ಕೊಂಡಿದ್ದರು. ಶಾಲೆ ಬಾಳಲಿಲ್ಲ. 1820ರ ದಶಕದ ಕೊನೆಗೆ ಜಾಗ ಮತ್ತೆ ಕ್ಯಾಥೊಲಿಕರ ಕೈಗೆ ಬಂತು. ಆಗಲೂ ದುಡ್ಡು ಕೊಟ್ಟೇ ಕೊಂಡರು.

ಗೋಪುರ:
ಕಟ್ಟಡವನ್ನೇ ಓದಿ ಮಾರಾಯರೇ, ಎಲ್ಲಿ ಹಣ ಸಾಲಲಿಲ್ಲ ಅಂತ ಅದೇ ಹೇಳುತ್ತದೆ. ವಾಸ್ತುಶಿಲ್ಪಿ ಜೇಮ್ಸ್ ರೆನ್‌ವಿಕ್ ಕಲ್ಲಿನ ಕಮಾನು ಚಾವಣಿ ಹಾಕಬೇಕು ಅಂತಿದ್ದರು. ಕೊನೆಗೆ ಬಂದಿದ್ದು ಕಲ್ಲಿನಂತೆ ಕಾಣುವ ಪ್ಲಾಸ್ಟರ್. ಕಲ್ಲಿನ ಚಾವಣಿಯ ಭಾರ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಅದನ್ನು ತಡೆಯಲು ಹೊರಗಡೆ ಹಾರುಗಮಾನು, ಅಂದರೆ ಗೋಡೆಗೆ ಆಸರೆ ಕೊಡುವ ಓರೆ ಕಮಾನು ಬೇಕು. ಪ್ಲಾಸ್ಟರ್ ಹಗುರ, ಹಾಗಾಗಿ ಹಾರುಗಮಾನೂ ಬೇಡವಾಯಿತು. ಅದರ ಜೊತೆ ಬರಬೇಕಿದ್ದ ಚೂಪುಗಂಬಗಳು ಮಾತ್ರ ಈಗಲೂ ಹೊರಗೆ ನಿಂತಿವೆ, ಹೊರಲು ಭಾರವೇ ಇಲ್ಲ! ಪೂರ್ವದ ತುದಿಯನ್ನೂ ಮೊಟಕು ಮಾಡಿ ಚಪ್ಪಟೆ ಗೋಡೆ ಎಬ್ಬಿಸಿದರು. 330 ಅಡಿ ಎತ್ತರದ ಜೋಡಿ ಗೋಪುರ ಮುಗಿದದ್ದು 1888ರಲ್ಲಿ, ಚರ್ಚ್ ತೆರೆದು ಒಂಬತ್ತು ವರ್ಷ ಆದ ಮೇಲೆ. ಕೋಟ್ಯಧಿಪತಿಗಳ ಚರ್ಚ್ ಹೀಗಿರುತ್ತದಾ?

ಊರುಗೋಲು:
ಇರುತ್ತದೆ! ಆ ಚಪ್ಪಟೆ ಗೋಡೆ ಈಗ ಯಾಕಿಲ್ಲ ಹೇಳಿ ನೋಡೋಣ. ಅದನ್ನು ಒಡೆದು 1900ರ ನಂತರ ಲೇಡಿ ಚಾಪೆಲ್ (ಮೇರಿಮಾತೆಯ ಪ್ರಾರ್ಥನಾಮಂದಿರ) ಕಟ್ಟಿದರು. ಹಣ ಯಾರದ್ದು? ಬ್ಯಾಂಕರ್ ಯೂಜೀನ್ ಕೆಲ್ಲಿ ಕುಟುಂಬದ್ದು. ಅವರ ಹೆಂಡತಿ ಮಾರ್ಗರೆಟ್ ಯಾರು? ಆರ್ಚ್‌ಬಿಷಪ್ ಹ್ಯೂಸ್ ಅವರಿಗೆ ಸ್ವಂತ ಸಂಬಂಧಿ. ಬಣ್ಣದ ಗಾಜಿನ ಕಿಟಕಿಗಳೂ ಅಷ್ಟೇ, ಒಂದೊಂದಕ್ಕೂ ಒಬ್ಬೊಬ್ಬ ದಾನಿ. ರೆನ್‌ವಿಕ್ ತಾವೇ ಒಂದು ಕಿಟಕಿ ಕೊಟ್ಟು, ಅದರ ಕೆಳಭಾಗದಲ್ಲಿ ತಮ್ಮ ಚಿತ್ರವನ್ನೂ ಬರೆಸಿಕೊಂಡರು. ಕಣ್ಣಿಗೆ ಬೀಳುವ ಜಾಗವೆಲ್ಲ ಉಳ್ಳವರಿಗೆ. ಬಡವರ ಕಾಸು ಹೋಗಿದ್ದು ಗೋಡೆಯೊಳಗಿನ ಇಟ್ಟಿಗೆಗೆ.

ಗೋಪುರ:
ರೆನ್‌ವಿಕ್ ಕ್ಯಾಥೊಲಿಕರೇ ಅಲ್ಲ, ಪ್ರಾಟೆಸ್ಟೆಂಟ್. ಅವರ ಕಿಟಕಿಯನ್ನು ಸಾಹುಕಾರರ ಲೆಕ್ಕಕ್ಕೆ ಸೇರಿಸಬೇಡಿ, ಅದು ಕುಶಲಕರ್ಮಿಯ ಸಹಿ. ಉಳಿದ ಮಾತಿಗೆ ತಕರಾರಿಲ್ಲ.

ಲೆಕ್ಕದ ಪುಸ್ತಕ:
ಇಟ್ಟಿಗೆ ಅಂದಿರಲ್ಲ, ಆ ಇಟ್ಟಿಗೆಯೇ ಚರ್ಚ್. 1878ರಲ್ಲಿ ಇನ್ನೂ ಮುಗಿಯದ ಕಟ್ಟಡದೊಳಗೇ ದೊಡ್ಡ ಜಾತ್ರೆಯಂಥ ಮೇಳ ನಡೆಸಿದರು. ಪ್ಯಾರಿಷ್‌ಗೊಂದು ಮೇಜು, ಮಾರಾಟ, ಲಾಟರಿ. ಅದರಲ್ಲಿ ಬಂದದ್ದು 1,70,000 ಡಾಲರಿಗೂ ಜಾಸ್ತಿ. ಅಂದರೆ ಆ 103 ಜನ ಕೊಟ್ಟದ್ದಕ್ಕಿಂತ ಒಂದೂವರೆ ಪಟ್ಟು, ಒಂದೇ ಮೇಳದಲ್ಲಿ. ಇನ್ನೊಂದು ವಿಷಯ. 1850ರಲ್ಲಿ ಹ್ಯೂಸ್ ಅವರ ಬೆಂಬಲದಿಂದ ವಲಸಿಗರಿಗಾಗಿಯೇ ಎಮಿಗ್ರೆಂಟ್ ಸೇವಿಂಗ್ಸ್ ಬ್ಯಾಂಕ್ ಶುರುವಾಯಿತು. ಮನೆಗೆಲಸದವರ ಉಳಿತಾಯ ಅಲ್ಲಿ ಸೇರುತ್ತಿತ್ತು. ಚರ್ಚ್ ಕಟ್ಟಡಗಳಿಗೆ ಆ ಬ್ಯಾಂಕಿನಿಂದ ಸಾಲವೂ ಹೋಯಿತು. ಬಡವರ ದುಡ್ಡು ಚರ್ಚಿನ ಕಾಣಿಕೆ ತಟ್ಟೆಯಲ್ಲಿ ಬಿದ್ದದ್ದಷ್ಟೇ ಅಲ್ಲ.

ಲೀನಾ:
ಇಷ್ಟು ಹೊತ್ತು ಯಾರೂ ಒಂದು ತಾರೀಖಿನ ಮಾತೇ ಎತ್ತಲಿಲ್ಲ. 1879ರಲ್ಲಿ ಆಗಿದ್ದು ಆಶೀರ್ವಾದ ಮಾತ್ರ. ಪವಿತ್ರೀಕರಣ, ಅಂದರೆ ಶಾಶ್ವತವಾಗಿ ದೇವರಿಗೆ ಒಪ್ಪಿಸುವ ವಿಧಿ, ಆಗಿದ್ದು 1910ರ ಅಕ್ಟೋಬರ್ 5ರಂದು. ಮೂವತ್ತೊಂದು ವರ್ಷ ಯಾಕೆ ತಡ? ಆಗಿನ ನಿಯಮ ಹಾಗಿತ್ತು. ಸಾಲ ಇರುವ ಚರ್ಚನ್ನು ಪವಿತ್ರೀಕರಿಸುವಂತಿಲ್ಲ. ನಾಳೆ ಸಾಲ ಕೊಟ್ಟವನು ಬಂದು ಜಪ್ತಿ ಮಾಡಿದರೆ ದೇವರಿಗೆ ಒಪ್ಪಿಸಿದ ಜಾಗ ಹರಾಜಿಗೆ ಹೋಗುತ್ತದಲ್ಲ, ಅದಕ್ಕೆ. ಶ್ರೀಮಂತರೇ ನಿಜವಾಗಿ ಹೊತ್ತುಕೊಂಡಿದ್ದರೆ ಆ ಸಾಲ ಒಂದು ತಲೆಮಾರಿನ ತನಕ ಎಳೆಯುತ್ತಿತ್ತಾ? ಕೆಲ್ಲಿ ಕುಟುಂಬದ ಹಣ ಬಂದಿದ್ದೂ ಹೊಸ ಚಾಪೆಲ್‌ಗೆ. ದಾನಿಗಳಿಗೆ ಹೊಸದು ಕಟ್ಟಿಸುವುದು ಇಷ್ಟ. ಸಾಲ ತೀರಿಸಿದವರ ಹೆಸರನ್ನು ಯಾರೂ ಕಿಟಕಿ ಮೇಲೆ ಬರೆಸುವುದಿಲ್ಲ.

ಊರುಗೋಲು:
ಲೀನಾ ಮೇಡಂ, ಸಾಲ ತೀರಿಸಿದ್ದು ಬರೀ ತಟ್ಟೆಕಾಸಲ್ಲ. ಬೆಂಚು ಬಾಡಿಗೆ ಅಂತ ಇತ್ತು. ದುಡ್ಡು ಕಟ್ಟಿದ ಮನೆಯವರಿಗೆ ಅವರದ್ದೇ ಬೆಂಚು. ಅದು ಉಳ್ಳವರ ಜೇಬಿನಿಂದ ಬರುತ್ತಿದ್ದ ಹಣ.

ಲೀನಾ:
ಸರಿ. ಆದರೆ ಬೆಂಚು ಬಾಡಿಗೆ ದಾನವಲ್ಲ, ಸೀಟಿನ ದುಡ್ಡು. ಆ ಕಾಲದಲ್ಲಿ ಅಮೆರಿಕದ ಚರ್ಚುಗಳಲ್ಲಿ ಅದು ಮಾಮೂಲಿ. ಕೊಟ್ಟದ್ದಕ್ಕೆ ಅವರಿಗೆ ಜಾಗ ಸಿಕ್ಕಿತ್ತು.

ಹಳೇ ಗಣಿ:
ಒಬ್ಬನೇ ಸಾಹುಕಾರನ ಹಣ ಅಂದರೆ ಹೇಗಿರುತ್ತದೆ ಅಂತ ನೋಡಬೇಕಾ? ಮೊಂಟಾನಾದ ಹೆಲೆನಾಗೆ ಹೋಗಿ. ಐರ್ಲೆಂಡಿನ ಥಾಮಸ್ ಕ್ರೂಸ್ ಬರಿಗೈಲಿ ಬಂದು ಡ್ರಮ್‌ಲಮ್ಮನ್ ಗಣಿಯಲ್ಲಿ ಚಿನ್ನ ಕಂಡವನು. ಅಲ್ಲಿನ ಸೇಂಟ್ ಹೆಲೆನಾ ಕಥೀಡ್ರಲ್‌ಗೆ ಜಾಗದಿಂದ ಹಿಡಿದು ಗಂಟೆಗಳ ತನಕ ಅವನ ದುಡ್ಡೇ ಜಾಸ್ತಿ. ಗಂಟೆಗಳು ತೀರಿಹೋದ ಮಗಳ ನೆನಪಿಗೆ. 1914ರ ಡಿಸೆಂಬರಿನಲ್ಲಿ ಆ ಚರ್ಚಿನೊಳಗೆ ನಡೆದ ಮೊದಲ ಅಂತ್ಯಕ್ರಿಯೆ ಅವನದ್ದೇ.

ಗೋಪುರ:
ಇಂಗ್ಲೆಂಡಿನ ನಾರ್ವಿಚ್‌ನಲ್ಲಿರುವುದು ಇನ್ನೂ ದೊಡ್ಡ ಉದಾಹರಣೆ. ನಾರ್ಫೋಕ್‌ನ 15ನೇ ಡ್ಯೂಕ್ ತಮ್ಮ ಮದುವೆಯ ಕೃತಜ್ಞತೆಗೆ ಅಂತ ಕಟ್ಟಿಸಿದ ಚರ್ಚ್. 1882ರಲ್ಲಿ ಶುರು, 1910ರಲ್ಲಿ ಮುಗಿಯಿತು. ಅಲ್ಲಿ ಕಮಾನು ಚಾವಣಿ ನಿಜವಾದ ಕಲ್ಲಿನದೇ, ಪ್ಲಾಸ್ಟರ್ ಅಲ್ಲ. ಆದರೆ ಅದು ಕಟ್ಟಿದ್ದು ಪ್ಯಾರಿಷ್ ಚರ್ಚ್ ಆಗಿ. ಕಥೀಡ್ರಲ್ ಆಗಿದ್ದು 1976ರಲ್ಲಿ.

ಊರುಗೋಲು:
ನೋಡಿ, ಡ್ಯೂಕ್ ಇದ್ದಲ್ಲಿ ಕಲ್ಲು ಬಂತು!

ಲೆಕ್ಕದ ಪುಸ್ತಕ:
ಬಂತು, ಒಪ್ಪುತ್ತೇನೆ. ನ್ಯೂಯಾರ್ಕಿನಲ್ಲಿ ಡ್ಯೂಕ್ ಇರಲಿಲ್ಲ, ಅದಕ್ಕೇ ಅಲ್ಲಿ ಪ್ಲಾಸ್ಟರ್. ನನ್ನ ವಾದವೂ ಅದೇ. ನಿಮ್ಮ 103 ಜನರ ಹೆಸರಿನ ಪಟ್ಟಿ ಇಟ್ಟ ಅಡಿಗಲ್ಲು ಎಲ್ಲಿದೆ ಅಂತ ಈಗ ಯಾರಿಗೂ ಗೊತ್ತಿಲ್ಲ, ಅದೂ ನೆನಪಿರಲಿ.

ಊರುಗೋಲು:
ಕಲ್ಲು ಕಳೆದರೇನು, ಪಟ್ಟಿ ಪುಸ್ತಕದಲ್ಲಿದೆ. ಪ್ಯಾರಿಷ್ ಮೇಜಿನ ಹತ್ತಿರ ಕಾಸು ಕೊಟ್ಟವರ ಪಟ್ಟಿ ತೋರಿಸಿ, ಆಮೇಲೆ ಮಾತಾಡೋಣ.