ವಕಾಂಡಾ ಫಾರೆವರ್: ಟಿಚಾಲಾ ಪಾತ್ರಕ್ಕೆ ಬೇರೆ ನಟನನ್ನು ಹಾಕಬೇಕಿತ್ತಾ?

ಕೊನೆಬೆಂಚಿನ ಲೋಕಿ:

2018ರ ‘ಬ್ಲ್ಯಾಕ್ ಪ್ಯಾಂಥರ್’ ನನಗೆ ತುಂಬಾ ಇಷ್ಟ. ಎರಡನೇ ಭಾಗ ‘ವಕಾಂಡಾ ಫಾರೆವರ್’ ಈಗ ಮನೆಯಲ್ಲಿ ನೋಡಿ ಮುಗಿಸಿದೆ. ಒಂದು ತಕರಾರು ಇದೆ, ಬೈಬೇಡಿ.

ವಕಾಂಡಾದ ರಾಜ ಟಿಚಾಲಾ, ಅಂದರೆ ಬ್ಲ್ಯಾಕ್ ಪ್ಯಾಂಥರ್ ಆಗಿದ್ದ ಚಾಡ್ವಿಕ್ ಬೋಸ್‌ಮನ್ 2020ರ ಆಗಸ್ಟ್‌ನಲ್ಲಿ ಹೋಗಿಬಿಟ್ಟರು. ಬರೀ 43 ವರ್ಷ. ಹೊಟ್ಟೆ ಉರಿಯುವ ವಿಷಯವೇ. ಆದರೆ ನಟ ತೀರಿಕೊಂಡರು ಅಂತ ಕಥೆಯಲ್ಲಿ ರಾಜನನ್ನೂ ಯಾಕೆ ಸಾಯಿಸಬೇಕು? ಜೇಮ್ಸ್ ಬಾಂಡ್‌ಗೆ ಎಷ್ಟು ಮುಖ ಬಂದು ಹೋಗಿಲ್ಲ? ಹಲ್ಕ್ ಪಾತ್ರದಲ್ಲಿ ಎಡ್ವರ್ಡ್ ನಾರ್ಟನ್ ಇದ್ದ ಜಾಗಕ್ಕೆ ಮಾರ್ಕ್ ರಫಲೋ ಬಂದಾಗ ನಾವು ಒಪ್ಪಿಕೊಳ್ಳಲಿಲ್ವಾ? ಕಪ್ಪು ಜನರಿಗೆ ಅಂಥ ಒಬ್ಬ ಹೀರೋ ಸಿಕ್ಕಿದ್ದೇ ಅಪರೂಪ. ಒಂದೇ ಸೋಲೋ ಸಿನಿಮಾಕ್ಕೆ ಮುಗಿಸಿಬಿಟ್ಟರು. ಗೌರವ ಕೊಡೋಕೆ ಹೋಗಿ ಪಾತ್ರಕ್ಕೇ ಅನ್ಯಾಯ ಮಾಡಿದರು ಅನ್ನಿಸಲ್ವಾ?

ಮೇಲಾಗಿ 2 ಗಂಟೆ 41 ನಿಮಿಷ!

ಗುಬ್ಬಿಗೂಡು:

ನನ್ನದೂ ಇದೇ ಮಾತು. ಆಗ ಎಷ್ಟೋ ಜನ ಟಿಚಾಲಾಗೆ ಹೊಸ ನಟನನ್ನು ತನ್ನಿ ಅಂತ ಆನ್‌ಲೈನ್‌ನಲ್ಲಿ ಅಭಿಯಾನವನ್ನೇ ಮಾಡಿದ್ದರು. ಪಾತ್ರ ನಟನಿಗಿಂತ ದೊಡ್ಡದು. ಡಿಸ್ನಿಯವರು 2020ರ ಡಿಸೆಂಬರ್‌ನಲ್ಲೇ ಹಾಕಲ್ಲ ಅಂತ ಹೇಳಿ ಬಾಗಿಲು ಮುಚ್ಚಿಬಿಟ್ಟರು. ಅಷ್ಟು ಅವಸರ ಏನಿತ್ತು?

ಮೈಕಿನ ಆಚೆ:

ಲೋಕಿ, ನಾನು ಬೆಂಗಳೂರಿನ ಒಂದು ಡಬ್ಬಿಂಗ್ ಸ್ಟುಡಿಯೋದಲ್ಲಿ ಕೆಲಸ ಮಾಡುವವನು. ಗಾಜಿನ ಈಚೆ ಕೂತು, ಆಚೆ ನಿಂತವರಿಂದ ಲೂಪ್ ಲೂಪ್ ಆಗಿ ಮಾತಾಡಿಸೋದು ನನ್ನ ಕೆಲಸ. ಹಾಗಾಗಿ ಯಾವ ಸಿನಿಮಾ ಆದರೂ ನನಗೆ ಕಿವಿ ಮೊದಲು, ಕಣ್ಣು ಆಮೇಲೆ. ಈ ಸಿನಿಮಾವನ್ನೂ ಹಾಗೇ ಕೇಳಿದೆ.

ಶುರುವಿನಲ್ಲಿ ಪರದೆ ಪೂರ್ತಿ ಕಪ್ಪು. ಟಿಚಾಲಾನ ತಂಗಿ ಶೂರಿ ದೇವರನ್ನು ಬೇಡಿಕೊಳ್ಳುವ ದನಿ ಮಾತ್ರ ಕೇಳುತ್ತೆ. ಆಮೇಲೆ ಲ್ಯಾಬು. ಅಣ್ಣನನ್ನು ಉಳಿಸಲು, ಬ್ಲ್ಯಾಕ್ ಪ್ಯಾಂಥರ್‌ಗೆ ಶಕ್ತಿ ಕೊಡುವ ಆ ಗಿಡಮೂಲಿಕೆಯನ್ನು ಕೃತಕವಾಗಿ ತಯಾರಿಸೋಕೆ ಒದ್ದಾಡುತ್ತಿದ್ದಾಳೆ. ಆಗಲೇ ತಾಯಿ ಅಣ್ಣ ಹೋದ ಸುದ್ದಿ ಹೊತ್ತು ಒಳಗೆ ಬರುತ್ತಾಳೆ. ಅಷ್ಟೇ. ರೋಗಿಯನ್ನು ತೋರಿಸಲ್ಲ, ಹಾಸಿಗೆ ತೋರಿಸಲ್ಲ, ಯಾವ ಕಾಯಿಲೆ ಅಂತಲೂ ಹೇಳಲ್ಲ. ತಂಗಿ ಅಣ್ಣನ ಕೊನೆ ಗಳಿಗೆಯಲ್ಲಿ ಪಕ್ಕದಲ್ಲೇ ಇರಲಿಲ್ಲ.

ಇದು ಬರೀ ಕಥೆ ಅಲ್ಲ. ಬೋಸ್‌ಮನ್‌ಗೆ ದೊಡ್ಡ ಕರುಳಿನ ಕ್ಯಾನ್ಸರ್ ಗೊತ್ತಾಗಿದ್ದು 2016ರಲ್ಲಿ. ಮೊದಲ ‘ಬ್ಲ್ಯಾಕ್ ಪ್ಯಾಂಥರ್’ ಮಾಡುವಾಗಲೇ ಒಳಗೆ ಅದು ಇತ್ತು. ನಿರ್ದೇಶಕ ರಯಾನ್ ಕೂಗ್ಲರ್‌ಗೂ ಕಾಯಿಲೆಯ ವಿವರ ಗೊತ್ತಿರಲಿಲ್ಲ. ಎಲ್ಲರಿಗೂ ಸುದ್ದಿ ಬಂದದ್ದು ಹೀಗೇ, ಬೇರೆ ಎಲ್ಲೋ ಏನೋ ಕೆಲಸದಲ್ಲಿ ಇದ್ದಾಗ, ಇನ್ನೊಬ್ಬರ ಬಾಯಿಂದ. ಆ ಲ್ಯಾಬಿನ ಸೀನ್ ಬರೆದವರಿಗೆ ಅದರ ಅನುಭವ ಇತ್ತು.

ಶವಯಾತ್ರೆ ಮುಗಿದ ಮೇಲೆ ಮಾರ್ವೆಲ್ ಲೋಗೋ. ಬೇರೆ ಸಿನಿಮಾದಲ್ಲಾದರೆ ಅಲ್ಲಿ ವಾದ್ಯಗಳೆಲ್ಲ ಒಟ್ಟಿಗೆ ಮೊಳಗಿ ಜನ ಸಿಳ್ಳೆ ಹೊಡೆಯುವ ಜಾಗ. ಇಲ್ಲಿ ಅಕ್ಷರಗಳ ತುಂಬ ಬೋಸ್‌ಮನ್ ಒಬ್ಬರೇ, ಸಂಗೀತ ಇಲ್ಲ, ಗಾಳಿ ಸದ್ದು ಬಿಟ್ಟರೆ ಏನೂ ಇಲ್ಲ. ನಾನು ನೋಡಿದ ಥಿಯೇಟರ್‌ನಲ್ಲಿ ಹಿಂದಿನ ಸಾಲಿನವರ ಚಿಪ್ಸ್ ಕವರ್ ಸದ್ದು ಕೂಡ ಕೇಳಿಸಿತು. ಇಷ್ಟು ದುಡ್ಡು ಹಾಕಿದ ಸಿನಿಮಾದಲ್ಲಿ ಅಷ್ಟು ಹೊತ್ತು ಟ್ರ್ಯಾಕ್ ಖಾಲಿ ಬಿಡೋಕೆ ಧೈರ್ಯ ಬೇಕು. ನಮ್ಮಲ್ಲಿ ಎರಡು ಸೆಕೆಂಡ್ ಖಾಲಿ ಬಿಟ್ಟರೂ ‘ಏನಾದ್ರೂ ತುಂಬಿಸಪ್ಪ’ ಅಂತಾರೆ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಶೂರಿ ಮೂಲಿಕೆ ಕುಡಿದು ಪೂರ್ವಜರ ಲೋಕಕ್ಕೆ ಹೋಗುತ್ತಾಳೆ. ಅಲ್ಲಿ ಅಣ್ಣ ಸಿಗುತ್ತಾನೆ ಅಂತ ನಾವೆಲ್ಲ ಕಾಯ್ತಾ ಇರ್ತೀವಿ. ಸಿಗುವುದು ಮೊದಲ ಭಾಗದ ವಿಲನ್ ಕಿಲ್‌ಮಂಗರ್, ಅಂದರೆ ಮೈಕೆಲ್ ಬಿ. ಜೋರ್ಡನ್! ಕಂಪ್ಯೂಟರ್‌ನಲ್ಲಿ ಬೋಸ್‌ಮನ್ ಮುಖ ಮಾಡಿ, ಯಾರದೋ ದನಿ ಕೂಡಿಸಿ, ಎರಡು ಬುದ್ಧಿಮಾತು ಹೇಳಿಸುವುದು ಎಷ್ಟು ಸುಲಭವಾಗಿತ್ತು ಯೋಚನೆ ಮಾಡಿ. ದನಿ ಕೂಡಿಸುವ ಕೆಲಸದವನೇ ಹೇಳುತ್ತಿದ್ದೇನೆ, ಮಾಡಬಹುದಿತ್ತು. ಮಾಡಲಿಲ್ಲ. ಸತ್ತವರು ನಾವು ಕರೆದಾಗ ಬರಲ್ಲ ಅಲ್ವಾ?

ನಮ್ಮ ‘ಜೇಮ್ಸ್’ ನೆನಪಾಗಿಯೇ ಆಗುತ್ತೆ. 2021ರ ಅಕ್ಟೋಬರ್ 29ಕ್ಕೆ ಅಪ್ಪು ಹೋದಾಗ ಆ ಸಿನಿಮಾದ ಡಬ್ಬಿಂಗ್ ಬಾಕಿ ಇತ್ತು. ತಮ್ಮನ ತುಟಿಗೆ ಅಣ್ಣ ದನಿ ಕೊಟ್ಟರು. ಮಾರ್ಚ್ 17ಕ್ಕೆ, ಅಪ್ಪು ಹುಟ್ಟಿದ ದಿನ, ರಿಲೀಸ್ ಆಯ್ತು. ಆಮೇಲೆ ತಂತ್ರಜ್ಞಾನದ ಸಹಾಯದಿಂದ ಅಪ್ಪು ದನಿಯಲ್ಲೇ ಬಂತು. ಸತ್ತ ತಮ್ಮನ ಮುಖ ನೋಡ್ತಾ ಮೈಕ್ ಮುಂದೆ ನಿಂತು ಲಿಪ್ ಸಿಂಕ್ ಹಿಡಿಯುವುದು ಅಂದರೆ ಏನು ಅಂತ ನಮ್ಮ ಕೆಲಸದವರಿಗೆ ಗೊತ್ತು. ನನ್ನ ಕೈಲಂತೂ ಆಗಲ್ಲ. ಆದರೆ ಅಲ್ಲಿ ಶೂಟಿಂಗ್ ಬಹುಪಾಲು ಆಗಿತ್ತು. ಮುಗಿಸಲೇಬೇಕಿತ್ತು, ಮುಗಿಸಿದ್ದೇ ಗೌರವ. ಇಲ್ಲಿ ಬೋಸ್‌ಮನ್ ಒಂದು ಶಾಟ್ ಕೂಡ ಕೊಟ್ಟಿರಲಿಲ್ಲ. ಸ್ಕ್ರಿಪ್ಟ್ ಓದೋಕೂ ಅವರಿಗೆ ಆಗಿರಲಿಲ್ಲ. ಹಾಗಿರುವಾಗ 2021ರಲ್ಲಿ ಅದೇ ಅಮ್ಮ, ಅದೇ ತಂಗಿಯ ಪಕ್ಕ ಹೊಸಬನನ್ನು ನಿಲ್ಲಿಸಿ, ‘ಅಣ್ಣ ಅಂತ ಕರಿಯಮ್ಮ’ ಅಂದರೆ ಶೂರಿ ಮಾಡಿದ ಲೆಟಿಷಿಯಾ ರೈಟ್ ಯಾವ ಬಾಯಲ್ಲಿ ಕರೆಯಬೇಕಿತ್ತು?

ಹಲ್ಕ್ ಬದಲಾದಾಗ ಎಡ್ವರ್ಡ್ ನಾರ್ಟನ್ ಬದುಕೇ ಇದ್ದರು. ಅದನ್ನು ಇಲ್ಲಿಗೆ ತರಬೇಡಿ.

ಶಿರಸಿ ಶಾಂತಕ್ಕ:

ಮೈಕಿನವರು ಕಿವಿಯ ಮಾತು ಹೇಳಿದರು, ನಾನು ಬಟ್ಟೆಯ ಮಾತು ಹೇಳ್ತೇನೆ. ಶವಯಾತ್ರೆಯಲ್ಲಿ ಎಲ್ಲರೂ ಬಿಳಿ ಬಟ್ಟೆ, ಮುಂದೆ ಕುಣಿಯುವವರು. ತಮಟೆ ಹೊಡೆಸಿಕೊಂಡು ಹೆಣ ಒಯ್ಯುವುದನ್ನು ನೋಡಿದವರಿಗೆ ಇದೇನೂ ಹೊಸದಲ್ಲ. ವರ್ಷ ಕಳೆದ ಮೇಲೆ ತಾಯಿ ಮಗಳನ್ನು ನೀರಿನ ದಡಕ್ಕೆ ಕರಕೊಂಡು ಹೋಗಿ, ಆ ದಿನದ ಬಟ್ಟೆ ಸುಟ್ಟು ದುಃಖ ಬಿಡು ಅಂತಾಳೆ. ಮಗಳು ಒಪ್ಪುವುದಿಲ್ಲ. ಅಷ್ಟರಲ್ಲಿ ಕಡಲಾಳದ ರಾಜ್ಯದ ದೊರೆ ನೇಮೋರ್ ನೀರಿನಿಂದ ಎದ್ದು ಬರುತ್ತಾನೆ. ಕೊನೆಗೆ ಹೈಟಿಯ ದಡದಲ್ಲಿ ಅವಳೊಬ್ಬಳೇ ಕೂತು ಅದನ್ನು ಸುಡುತ್ತಾಳೆ. ನಡುವಿನ ಯುದ್ಧ ಎಲ್ಲ ಸುಮ್ನೆ, ಆ ಬಟ್ಟೆ ಸುಡಲು ಅವಳಿಗೆ ಹಿಡಿದ ಹೊತ್ತೇ ಸಿನಿಮಾ.

ತಾಯಿ ಪಾತ್ರದ ಏಂಜೆಲಾ ಬ್ಯಾಸೆಟ್ ಸಿಂಹಾಸನದ ಎದುರು ಸಿಡಿಯುವ ದೃಶ್ಯ ಮತ್ತೊಮ್ಮೆ ನೋಡಿ. ಗೋಲ್ಡನ್ ಗ್ಲೋಬ್ ಬಂತು, ಆಸ್ಕರ್‌ಗೂ ಹೆಸರು ಹೋಯಿತು, ಸಿಗಲಿಲ್ಲ. ನನಗಿನ್ನೂ ಸಿಟ್ಟಿದೆ. ಬೋಸ್‌ಮನ್ ನೆನಪಿಗೆ ರಿಹಾನಾ ಹಾಡಿದ ಹಾಡೂ ಆಸ್ಕರ್ ಸಾಲಿನಲ್ಲಿತ್ತು, ಅದನ್ನು ಸೋಲಿಸಿದ್ದು ನಮ್ಮ ‘ನಾಟು ನಾಟು’. ಅದಕ್ಕೆ ಸಿಟ್ಟಿಲ್ಲ!

ಕೊನೆಬೆಂಚಿನ ಲೋಕಿ:

ಪೂರ್ವಜರ ಲೋಕದ ಸೀನ್ ಬಗ್ಗೆ ಹೇಳಿದ್ದು ಸರಿ ಅನ್ನಿಸಿತು, ಒಪ್ಪಿದೆ. ಆದರೆ ಆ ಕಾಲೇಜು ಹುಡುಗಿ ರೀರಿಯ ಕಥೆ, ಸಿಐಎ ಕಥೆ? ಅದೆಲ್ಲ ಮುಂದಿನ ಸೀರಿಯಲ್‌ಗೆ ಜಾಹೀರಾತು ಹಾಕಿದ ಹಾಗಿದೆ. ಇನ್ನು ಟಿಚಾಲಾ ಶಾಶ್ವತವಾಗಿ ಮುಗಿದನೋ?

ಮೈಕಿನ ಆಚೆ:

ರೀರಿ ವಿಷಯದಲ್ಲಿ ನನ್ನ ಸಹಿಯೂ ಹಾಕಿಕೊಳ್ಳಿ. ಅರ್ಧ ಗಂಟೆ ಕತ್ತರಿಸಿದ್ದರೂ ಯಾರೂ ಕೇಳುತ್ತಿರಲಿಲ್ಲ.

ಟಿಚಾಲಾ ಮುಗಿದಿಲ್ಲ. ಕ್ರೆಡಿಟ್ಸ್ ನಡುವೆ ಟಿಚಾಲಾನ ಪ್ರೇಯಸಿ ನಕಿಯಾ ಒಬ್ಬ ಪುಟ್ಟ ಹುಡುಗನನ್ನು, ಅವರಿಬ್ಬರ ಮಗನನ್ನು, ಕರಕೊಂಡು ಬರ್ತಾಳಲ್ಲ, ಅವನ ಹೈಟಿ ಹೆಸರು ಟೂಸಾಂ, ವಕಾಂಡಾ ಹೆಸರು ಟಿಚಾಲಾ. ಕೂಗ್ಲರ್ ಬೋಸ್‌ಮನ್‌ಗಾಗಿ ಮೊದಲು ಬರೆದಿದ್ದೇ ತಂದೆ ಮಗನ ಕಥೆ. ಅದರಲ್ಲಿ ಮಗ ಉಳಿದುಕೊಂಡ. ನೀವು ಕೇಳುವ ಹೊಸ ನಟ ಆ ಹುಡುಗ ದೊಡ್ಡವನಾದ ಮೇಲೆ ಬರಲಿ, ಮೊದಲ ದಿನದ ಮೊದಲ ಶೋಗೆ ನಾನೂ ಬರ್ತೀನಿ. ಟಿಕೆಟ್ ನಿಮ್ಮದು.